ಅವಳು ಒರೆಸಿದ ನೀಲಿ ಎಸಳು

"ಬೇಡ, ಬೇಡ... ಆ ಪ್ಲಗ್ ಕೈಬಿಡಿ ಮೊದಲು."

ಐಲಿ ಹಿಂದಿನ ಕೋಣೆಯಿಂದ ಓಡಿಬಂದು ಆ ಅಪರಿಚಿತನ ಮಣಿಕಟ್ಟನ್ನೇ ಹಿಡಿದುಬಿಟ್ಟಳು. ಇನ್ನೊಂದು ಕ್ಷಣ ತಡವಾಗಿದ್ದರೆ ಅವನು ತಾನು ತಂದಿದ್ದ ಹಳೆಯ ವಾಲ್ವ್ ರೇಡಿಯೊವನ್ನು ಅವಳ ರಿಪೇರಿ ಅಂಗಡಿಯ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿಬಿಡುತ್ತಿದ್ದ.

"ಹಾಡುತ್ತೋ ಇಲ್ವೋ ನೋಡೋಣ ಅಂತ..."

"ಹಾಡಲ್ಲ, ಹೊಗೆ ಬಿಡುತ್ತೆ. ವರ್ಷಗಟ್ಟಲೆ ಮಲಗಿದ್ದೋರನ್ನ ಎಬ್ಬಿಸಿ ತಕ್ಷಣ ಓಡು ಅಂದ್ರೆ ಓಡ್ತಾರಾ? ಒಳಗಿನ ಭಾಗ ಬದಲಾಯಿಸದೆ ಕರೆಂಟ್ ಕೊಡಬಾರದು."

ಅವನು ತಲೆಯಾಡಿಸಿದ. "ಅರ್ಥ ಆಯ್ತು. ಈಗ ನನ್ನ ಕೈ ಬಿಡ್ತೀರಾ?"

ಐಲಿಯ ಕಿವಿ ಕೆಂಪಾಯಿತು. ಬಿಟ್ಟಳು.

ಅವನ ಹೆಸರು ನೆಲ್ಸ್. ಡುಲೂತ್ ಊರಿನಲ್ಲಿ, ಸರೋವರದ ಬಾಯಲ್ಲಿರುವ ಎತ್ತುವ ಸೇತುವೆಯಲ್ಲಿ ಕೆಲಸ. ಹಡಗು ಬಂದಾಗ ಸೇತುವೆ ಎತ್ತುವುದು, ಹೋದ ಮೇಲೆ ಇಳಿಸುವುದು.

"ಓಹೋ... ಇವತ್ತು ಬೆಳಿಗ್ಗೆ ನನ್ನನ್ನ ಅಷ್ಟೊತ್ತು ರಸ್ತೇಲಿ ನಿಲ್ಲಿಸಿದ್ದು ನೀವೇನಾ?"

"ಹಡಗು ಉದ್ದ ಇತ್ತು, ನಾನೇನು ಮಾಡ್ಲಿ?"

"ಚೆನ್ನಾಗಿ ಬೈದೆ ನಿಮಗೆ."

"ಇಡೀ ಊರೇ ಬೈಯುತ್ತೆ. ಅದ್ರಲ್ಲಿ ನಿಮ್ಮ ದನಿ ಯಾವುದು ಅಂತ ಗೊತ್ತಿರ್ಲಿಲ್ಲ," ಎಂದು ಅವನು ಅವಳ ಮುಖ ನೋಡಿದ. "ಇನ್ಮೇಲೆ ಗೊತ್ತಾಗುತ್ತೆ."

ಐಲಿ ಬೇಗನೆ ರೇಡಿಯೊ ಕಡೆ ತಿರುಗಿದಳು. ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಮೇಲೆ ಕೆನೆ ಬಣ್ಣ ಬಳಿದದ್ದು. ಅದರ ಮೈಮೇಲೆಲ್ಲ ಯಾರೋ ಕುಂಚದಿಂದ ನೀಲಿ ಲೂಪಿನ್ ಹೂಗಳ ಗೊಂಚಲು ಬಿಡಿಸಿದ್ದರು, ಬೇಸಿಗೆಯಲ್ಲಿ ಸರೋವರದ ದಂಡೆಯ ರಸ್ತೆಯುದ್ದಕ್ಕೂ ಅರಳುವಂಥವು. ತೇವಕ್ಕೆ ಬಣ್ಣ ಹೊಪ್ಪಳೆ ಎದ್ದಿತ್ತು. ಮೂಲೆಗಳಲ್ಲಿ ಕಂದು ಬೇಕಲೈಟ್ ಇಣುಕುತ್ತಿತ್ತು.

"ಹಾಡದಿದ್ರೂ ಪರವಾಗಿಲ್ಲ," ಎಂದ ನೆಲ್ಸ್. "ಈ ಹೂಗಳು ಮಾತ್ರ ಹೋಗಬಾರದು."

"ಯಾರು ಬಿಡಿಸಿದ್ದು?"

"ಕೊರಿನ್." ಒಂದು ಎಸಳಿನ ಮೇಲೆ ಬೆರಳಾಡಿಸಿ ಹೇಳಿದ, "ನನ್ನ ಹೆಂಡತಿ... ಆಗಿದ್ದವಳು."

ಆಗಿದ್ದವಳು ಅಂದರೆ? ಸತ್ತಿದ್ದಾಳೋ, ಬಿಟ್ಟಿದ್ದಾಳೋ? ಕೇಳಲು ಐಲಿಗೆ ಬಾಯಿ ಬರಲಿಲ್ಲ.

ಚಿಕ್ಕಮ್ಮ ವಿಯೆನೊಗೆ ಅಂಥ ಸಂಕೋಚವೇನೂ ಇರಲಿಲ್ಲ. ಐಲಿಯ ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಗಲ್ಲಾದ ಪಕ್ಕ ಕುಳಿತು ಕಾಲುಚೀಲ ಹೆಣೆಯುವುದು ಅವಳ ಕೆಲಸ. ಬಂದವರ ಹೊಟ್ಟೆಯೊಳಗಿನ ಮಾತು ತೆಗೆಸುವುದು ಹವ್ಯಾಸ. ಮುಂದಿನ ಶನಿವಾರ ನೆಲ್ಸ್ ಬಂದಾಗ ಕಾಫಿ, ಏಲಕ್ಕಿ ಬ್ರೆಡ್ಡು ಮುಂದಿಟ್ಟು ಕೇಳಿಯೇಬಿಟ್ಟಳು.

"ಹೆಂಡ್ತಿ ಸತ್ತಳೋ, ಬಿಟ್ಟಳೋ?"

"ಬಿಟ್ಟಳು," ಎಂದ ನೆಲ್ಸ್. "ಉತ್ತರಕ್ಕೆ, ಸರೋವರದ ದಂಡೇಲಿ ಮನೆ ಮಾಡ್ಕೊಂಡಿದಾಳೆ."

"ಒಳ್ಳೇದಾಯ್ತು," ಎಂದಳು ಚಿಕ್ಕಮ್ಮ, ಐಲಿಯ ಕಡೆ ನೋಡುತ್ತಾ. ಐಲಿಗೆ ನೆಲದೊಳಗೆ ಇಳಿದುಹೋಗುವಂತಾಯಿತು.

ಆಮೇಲೆ ಪ್ರತಿ ಶನಿವಾರವೂ ಅವನು ಬಂದ. ಬರಲೇಬೇಕೆಂದೇನೂ ಇರಲಿಲ್ಲ. ಆದರೂ ಅವಳ ಕೆಲಸದ ಬೆಂಚಿನ ಪಕ್ಕ ನಿಂತು ಟಾರ್ಚು ಹಿಡಿಯುತ್ತಿದ್ದ. ಅವಳು ಸತ್ತ ಕೆಪ್ಯಾಸಿಟರ್‌ಗಳನ್ನು ಕಿತ್ತು ಹೊಸವನ್ನು ಬೆಸೆಯುವುದನ್ನು, ವಾಲ್ವುಗಳ ಕಾಲು ಉಜ್ಜುವುದನ್ನು ಮಗುವಿನಂತೆ ನೋಡುತ್ತಿದ್ದ. ಸೇತುವೆಯ ಮೇಲಿನ ಕೋಣೆಯಿಂದ ಕಾಣುವ ಮಂಜುಗಡ್ಡೆಯ ಸುದ್ದಿ, ಮದುವೆಗೆ ತಡವಾಯಿತೆಂದು ಕೆಳಗಿನಿಂದ ಬೂಟು ತೋರಿಸಿದ ವರನ ಸುದ್ದಿ ಹೇಳಿ ನಗಿಸುತ್ತಿದ್ದ.

ಐಲಿಗೆ ಶನಿವಾರ ಎಂದರೆ ಬೆಳಿಗ್ಗೆ ಎದ್ದು ಎರಡು ಸಲ ಕೂದಲು ಬಾಚುವ ದಿನವಾಯಿತು.

ಆದರೆ ಮಾತು ಹೂವಿಗೆ ಬಂದ ಕೂಡಲೇ ಅವನು ಬೇರೆಯೇ ಮನುಷ್ಯನಾಗುತ್ತಿದ್ದ.

"ಈ ನೀಲಿ ತೀರಾ ತಿಳಿಯಾಯ್ತು," ಎಂದ ಒಂದು ಶನಿವಾರ, ಅವಳು ಕಲಸಿದ ಬಣ್ಣ ನೋಡಿ. "ಕೊರಿನ್ ಸ್ವಲ್ಪ ನೇರಳೆ ಬೆರೆಸ್ತಿದ್ಲು."

ಅವಳು ನೇರಳೆ ಬೆರೆಸಿದಳು.

"ಹಾಂ, ಹೀಗೇ. ಮದುವೆ ಆದ ಹೊಸದ್ರಲ್ಲಿ ಬಿಡಿಸಿದ್ದು. ಅಡುಗೆಮನೆ ನೆಲದ ಮೇಲೆ ಕೂತು... ಮೂಗಿಗೂ ಬಣ್ಣ ಮೆತ್ತಿಕೊಂಡಿದ್ಲು."

ಐಲಿಯ ಕುಂಚ ನಿಂತಿತು.

'ನನ್ನ ಕಣ್ಣು ಯಾವ ಬಣ್ಣ ಅಂತ ಕೇಳಿದ್ರೆ ಹೇಳ್ತಾನಾ ಇವನು? ಅವಳು ಬೆರೆಸಿದ ನೇರಳೆ ಮಾತ್ರ ಇಷ್ಟು ವರ್ಷ ಆದ್ರೂ ನೆನಪಿದೆ...'

ಆ ದಿನ ಅವನು ಹೋದ ಮೇಲೂ ಹೊಟ್ಟೆಯ ಉರಿ ಆರಲಿಲ್ಲ. ಎಂದೂ ನೋಡದ ಹೆಂಗಸಿನ ಮೂಗಿನ ಮೇಲಿನ ಬಣ್ಣ ಕಣ್ಣ ಮುಂದೆಯೇ ಇತ್ತು. ಅವಳ ಹೂವಿಗೆ ತಾನು ಎಸಳು ಕೂಡಿಸಬೇಕು, ಅವಳ ಕೈಗೆ ತನ್ನ ಕೈ ಹೊಂದಿಸಬೇಕು. ಎಂಥ ಕೂಲಿ ಇದು!

ಬೆಂಚಿನ ಮೇಲೆ ಬಣ್ಣ ಕರಗಿಸುವ ಥಿನ್ನರ್ ಬಾಟಲಿ ಇತ್ತು. ಐಲಿ ಬುದ್ಧಿಯನ್ನು ಹೊಟ್ಟೆಕಿಚ್ಚಿನ ಕೈಗೆ ಕೊಟ್ಟಳು. ಬಟ್ಟೆಯ ತುದಿ ಅದ್ದಿ ನಡುವಿನ ಗೊಂಚಲಿನ ಒಂದು ಎಸಳನ್ನು ಒರೆಸಿದಳು. ಹಾಳಾಗದೆ ಉಳಿದಿದ್ದ, ಚೆಂದದ ಎಸಳು. ಹೆಚ್ಚೇನೂ ಉಜ್ಜಬೇಕಾಗಲಿಲ್ಲ. ನೀಲಿ ಹೋಯಿತು, ಕೆನೆ ಹೋಯಿತು, ಕೆಳಗಿನ ಕಂದು ಬೇಕಲೈಟ್ ಗಾಯದಂತೆ ಕಾಣಿಸಿತು.

ಬಟ್ಟೆ ಅವಳ ಕೈಯಿಂದ ಜಾರಿತು. ಅಪ್ಪ ಕಲಿಸಿದ ಕೆಲಸದಲ್ಲಿ ಎಂದೂ ಬೇಕೆಂದೇ ಒಂದು ಗೀರು ಹಾಕಿದವಳಲ್ಲ ಅವಳು. ಅಳುತ್ತಲೇ ಕೆನೆ ಬಳಿದಳು; ಮಾರನೆಯ ದಿನ ಅದು ಒಣಗಿದ ಮೇಲೆ ಆ ಎಸಳನ್ನು ಮತ್ತೆ ಬಿಡಿಸಿದಳು. ಯಾರಿಗೂ ಗೊತ್ತಾಗದಷ್ಟು ಚೆನ್ನಾಗಿ ಬಂತು. ಅವಳಿಗೆ ಮಾತ್ರ ಅದು ಕಣ್ಣಿಗೆ ಚುಚ್ಚುತ್ತಿತ್ತು.

ಕೊನೆಯ ಶನಿವಾರ ಕರೆಂಟನ್ನು ನಿಧಾನವಾಗಿ ಏರಿಸುತ್ತಾ ಹೋದಳು. ವಾಲ್ವುಗಳು ಕೆಂಡದಂತೆ ಬೆಳಗಿದವು. ಸಣ್ಣ ಗುಂಯ್‌ಗುಟ್ಟುವಿಕೆ... ಆಮೇಲೆ ಎಲ್ಲಿಂದಲೋ ಅಕಾರ್ಡಿಯನ್ನಿನ ಕುಣಿತದ ಹಾಡು ಅಂಗಡಿ ತುಂಬಿತು. ಚಿಕ್ಕಮ್ಮ ಹೆಣಿಗೆ ಕೆಳಗಿಟ್ಟು ಕಾಲಲ್ಲಿ ತಾಳ ಹಾಕಿದಳು.

ನೆಲ್ಸ್‌ನ ಕಣ್ಣು ಒದ್ದೆಯಾಗಿತ್ತು. "ಕೊರಿನ್ ನಂಬೋದೇ ಇಲ್ಲ."

"ಅವಳಿಗೆ ಕೊಡ್ತೀರಾ?"

"ಹೂಂ. ನಾನೇ ಹೋಗಿ ಕೊಡ್ಬೇಕು. ಅದೊಂದು ಆಗ್ಲಿ ಅಂತ ಕಾಯ್ತಿದ್ದೆ. ಆಮೇಲೆ ಐಲಿ, ನಿಮ್ಮ ಹತ್ರ ಒಂದು ಮಾತು..."

'ಅವಳನ್ನು ವಾಪಸ್ ಕರೆಯೋಕೆ ಹೋಗ್ತಿದ್ದಾನೆ. ಅದನ್ನೇ ನನ್ನ ಮುಂದೆ ಹೇಳ್ತಾನಂತೆ.'

"ಮಾತೇನೂ ಬೇಡ," ಎಂದಳು. ರೇಡಿಯೊ ಆರಿಸಿ ಟವೆಲ್ಲಿನಲ್ಲಿ ಸುತ್ತಿ ಅವನ ಕೈಗಿಟ್ಟಳು. "ಕೆಲಸ ಮುಗೀತು. ಇನ್ನು ಶನಿವಾರ ಬರೋ ಅಗತ್ಯ ಇಲ್ಲ."

"ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ. ಗಿರಾಕಿ ಏನು ತಪ್ಪು ಮಾಡೋಕಾಗುತ್ತೆ?"

ಅವನ ಮುಖ ಬಿಳಿಚಿತು. ರೇಡಿಯೊ ಎದೆಗವಚಿಕೊಂಡು ಹೊರಟುಹೋದ.

ಮುಂದಿನ ಶನಿವಾರ ಅವನು ಬರಲಿಲ್ಲ. ಚಿಕ್ಕಮ್ಮ ಏಲಕ್ಕಿ ಬ್ರೆಡ್ಡು ಕತ್ತರಿಸಿ ಎರಡು ತಟ್ಟೆಗೆ ಹಾಕಿದಳು. "ಮೂರನೇ ತಟ್ಟೆ ತೊಳೆಯೋ ಕೆಲಸ ತಪ್ಪಿಸ್ದೆ. ಜಾಣೆ ನೀನು."

ಐಲಿ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಮಂಗಳವಾರ ಮಧ್ಯಾಹ್ನ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಎತ್ತರದವಳು, ಗಾಳಿಗೆ ಕೆದರಿದ ಕೆಂಚು ಕೂದಲು. "ಐಲಿ ನೀವೇನಾ? ನಾನು ಕೊರಿನ್."

ಐಲಿ ಕೈಯಲ್ಲಿದ್ದ ಕೆಲಸ ಕೆಳಗಿಟ್ಟಳು. ಇಷ್ಟು ಚೆಂದ ಇರಬೇಕಾಗಿರಲಿಲ್ಲ ಇವಳು...

"ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ. ಅದು ನಮ್ಮಜ್ಜಿ ರೇಡಿಯೊ. ನಾನು ಬೇರೆಯವನ ಜೊತೆ ಹೊರಟಾಗ ನೆಲ್ಸ್ ಅದನ್ನ ನೆಲಮಾಳಿಗೇಲಿ ಬಚ್ಚಿಟ್ಟ. ಎಷ್ಟು ಕೇಳಿದ್ರೂ ಕಳೆದುಹೋಯ್ತು ಅಂದ. ಬರೀ ಹೊಟ್ಟೆಕಿಚ್ಚು. ಹೋದ ವಾರ ತಾನೇ ತಂದುಕೊಟ್ಟು ನನ್ನ ಹತ್ರಾನೂ, ನನ್ನ ಗಂಡನ ಹತ್ರಾನೂ ಕ್ಷಮೆ ಕೇಳಿದ."

"ನಿಮ್ಮ... ಗಂಡ?"

"ಹೂಂ. ಅವನು ಪಾಪ ಕೂತು ಕೇಳಿದ, ನೆಲ್ಸ್ ಬಾಯಲ್ಲಿ ಬರೀ ನಿಮ್ಮ ಸುದ್ದಿ. ಐಲಿ ಹಿಂಗೆ ಬೆಸೀತಾಳೆ, ಐಲಿ ಹಿಂಗೆ ನಗ್ತಾಳೆ... ಕೊನೆಗೆ ನನ್ನ ಗಂಡ, ‘ನಮಗೆ ಹೇಳೋ ಬದಲು ಅವಳಿಗೇ ಹೇಳಪ್ಪ’ ಅಂದ. ಹೇಳೋಕೆ ಹೋದ್ರೆ ಬಾಗಿಲು ತೋರಿಸಿದ್ಲು ಅಂತ ತಲೆ ತಗ್ಗಿಸಿದ."

ಐಲಿ ಸ್ಟೂಲಿನ ಮೇಲೆ ಕುಳಿತಳು.

"ಕೊರಿನ್, ನಿಮ್ಮ ಹೂವಿನ ಒಂದು ಎಸಳನ್ನ ನಾನು ಬೇಕಂತಲೇ ಒರೆಸಿದೆ. ಹಾಳಾಗಿರ್ಲಿಲ್ಲ ಅದು. ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ. ಆಮೇಲೆ ಮತ್ತೆ ಬಿಡಿಸಿದೆ... ಆದ್ರೂ ಅದು ನಿಮ್ಮದಲ್ಲ."

ಕೊರಿನ್ ಹುಬ್ಬು ಗಂಟಿಕ್ಕಿ ಅವಳನ್ನೇ ನೋಡಿದಳು. ಅಜ್ಜಿಯ ರೇಡಿಯೊ ಅಲ್ಲವೇ, ನೋವಾಗಿತ್ತು. ಆಮೇಲೆ ನಿಟ್ಟುಸಿರು ಬಿಟ್ಟಳು.

"ಅವನು ರೇಡಿಯೊನೇ ಬಚ್ಚಿಟ್ಟ, ನೀವು ಎಸಳು ಅಳಿಸಿದ್ರಿ. ನಿಮ್ಮಿಬ್ಬರ ಮಧ್ಯೆ ನನ್ನ ರೇಡಿಯೊ ಉಳಿದಿದ್ದೇ ಹೆಚ್ಚು. ಹೋಗಿ, ಅವನಿಗೂ ಹೇಳಿ. ಈ ವಿಷಯದಲ್ಲಿ ನಿಮಗೆ ಬೈಯೋ ಯೋಗ್ಯತೆ ಅವನಿಗಿಲ್ಲ."

ಐಲಿ ಕೋಟು ಹಾಕಿಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಕಾರಿನ ಕೀಲಿಯನ್ನು ಅವಳತ್ತ ಚಾಚಿ ನಿಂತಿದ್ದಳು.

ಪಾಳಿ ಮುಗಿಸಿ ನೆಲ್ಸ್ ಸೇತುವೆಯ ಮೆಟ್ಟಿಲಿಳಿದು ಬಂದಾಗ ಐಲಿ ಕೆಳಗೆ, ಹಡಗು ಹಾಯುವ ಕಾಲುವೆಯ ಕಟ್ಟೆಯ ಮೇಲೆ ನಿಂತಿದ್ದಳು. ಸರೋವರದ ಗಾಳಿಗೆ ಅವಳ ಕಣ್ಣಲ್ಲಿ ನೀರು.

"ಸೇತುವೆ ಇಳಿಸಿದೀನಲ್ಲ," ಎಂದ ಅವನು ಮೆಲ್ಲಗೆ. "ಇವತ್ತು ಯಾಕೆ ಬೈಯೋಕೆ ಬಂದ್ರಿ?"

ಅವಳು ಎಲ್ಲ ಹೇಳಿದಳು. ಬಟ್ಟೆ, ಥಿನ್ನರು, ಎಸಳು, ಉರಿ. ಅವನು ತಡೆಯದೆ ಕೇಳಿದ.

"ನೆಲಮಾಳಿಗೆ ವಿಷಯ ಮೊದಲೇ ಹೇಳಬೇಕಿತ್ತು ನಾನು," ಎಂದ. "ನಾಚಿಕೆ ಆಗ್ತಿತ್ತು. ತಪ್ಪು ಸರಿ ಮಾಡದೆ ನಿಮಗೆ ಇಷ್ಟ ಅಂತ ಹೇಳೋಕೆ ಮನಸ್ಸು ಬರ್ಲಿಲ್ಲ. ಅವಳ ಬಣ್ಣ ಯಾಕೆ ನೆನಪಿಟ್ಟಿದ್ದೆ ಗೊತ್ತಾ? ತೇವದಲ್ಲಿಟ್ಟು ಅದನ್ನ ಹಾಳು ಮಾಡಿದ್ದು ನಾನು ಅಂತ."

"ಈಗ ಹೇಳಬಹುದಲ್ಲ... ಇಷ್ಟ ಅಂತ."

"ಇಷ್ಟ, ಐಲಿ. ತುಂಬಾ."

ಅವಳು ಅವನ ಕೈ ಹಿಡಿದಳು. ಈ ಸಲ ಬಿಡಿ ಎಂದು ಅವನು ಕೇಳಲಿಲ್ಲ.

"ಆದ್ರೆ ನನ್ನ ಹತ್ರ ಇನ್ನು ಹಾಳಾದ ರೇಡಿಯೊ ಯಾವುದೂ ಇಲ್ಲ," ಎಂದ. "ಏನು ನೆಪ ಮಾಡ್ಕೊಂಡು ಬರ್ಲಿ?"

"ಬರಿಗೈಲಿ ಬಾ."

"ಶನಿವಾರದ ತನಕ ಕಾಯಬೇಕಾ?"

"ಬೇಡ. ಚಿಕ್ಕಮ್ಮ ಮೀನಿನ ಸಾರು ಮಾಡ್ತಿದಾಳೆ. ನಡಿ."