ಹನ್ನೊಂದು ಡೇರೆ ಹೂಗಳ ಮೇಲ್ಮನವಿ

ರಾಜ್ಯಗಳ ಅಳಿವು ಉಳಿವು ತೀರ್ಮಾನಿಸುವ ಗಾಂಭೀರ್ಯದಲ್ಲಿ ಆ ದೂರು ದಾಖಲಾಗಿತ್ತು: ಫೆಬ್ರವರಿ 12, ಬೆಳಿಗ್ಗೆ 6.40, ನ್ಯೂಜಿಲೆಂಡಿನ ಲೋವರ್ ಹಟ್‌ನ ಬ್ರಯನ್ ಎಂಬ ನಿವೃತ್ತರ ಅಂಗಳದಿಂದ, ಪುಷ್ಪಪ್ರದರ್ಶನಕ್ಕೆ ಎರಡೇ ದಿನ ಇರುವಾಗ, ಹನ್ನೊಂದು ಡೇರೆ ಹೂ ಕಳವು. ಅಂಗಳದ ಕ್ಯಾಮೆರಾದಲ್ಲಿ ಕಂಡದ್ದು ತಲೆಗೆ ಟೋಪಿ ಎಳೆದ, ಹೊಳೆಯುವ ಹಳದಿ ಉದ್ದ ಜಾಕೆಟ್ಟಿನ ಬೆನ್ನು. ಬೆನ್ನ ಮೇಲೆ ಕಾಸಿಂ ಎಂಬ ಹೆಸರು. ಪಕ್ಕದ ಮನೆಯ ಕಾಸಿಂ, ಭದ್ರಾವತಿಯವನು, ಬ್ರೆಡ್ ವ್ಯಾನಿನ ಡ್ರೈವರ್, ಕೇಳಿದ ಕೂಡಲೇ "ಹೌದು ಸಾರ್, ನಾನೇ" ಎಂದ. ಸಾರ್ಜೆಂಟ್ ಗುರುದತ್ ಅರ್ಧ ಗಂಟೆಯಲ್ಲಿ ಫೈಲು ಮುಗಿಸಿ ಚಹಾ ಕುಡಿದಿದ್ದರು. ಕೋರ್ಟು ದಂಡ ಹಾಕಲಿಲ್ಲ; ಅಪರಾಧಿ ಎಂದಷ್ಟೇ ಬರೆದು ಮನೆಗೆ ಕಳಿಸಿತು.

ಆ ಬರಹವೇ ಮುಳುವಾಯಿತು. ಶಾಲಾ ಬಸ್ ಓಡಿಸುವ ಕೆಲಸ ಕೈಗೆ ಬಂದಿತ್ತು, ಪರವಾನಗಿ ಸಿಗಲಿಲ್ಲ. ಆಗ ಕಾಸಿಂ ಮರುವಿಚಾರಣೆ ಕೇಳಿದ: 'ಕದ್ದವನು ನಾನಲ್ಲ. ಯಾರೆಂದು ಹೇಳಲಾರೆ.' ಇಂಥ ಅರ್ಜಿಗೆ ಆಗಬೇಕಾದದ್ದೇ ಆಯಿತು, ವಜಾ. ಆತ ಹೈಕೋರ್ಟಿಗೆ ಮೇಲ್ಮನವಿ ಹಾಕಿದ. ಅದನ್ನು ವಿರೋಧಿಸುವ ಮುನ್ನ ಸರ್ಕಾರಿ ವಕೀಲರು ಠಾಣೆಗೆ ಒಂದು ಸಾಲು ಬರೆದರು: ಇನ್ನೊಮ್ಮೆ ನೋಡಿ.

ಅಕ್ಟೋಬರ್ 7, ಬೆಳಿಗ್ಗೆ 9.40. ಗುರುದತ್ ಕ್ಯಾಮೆರಾ ದೃಶ್ಯವನ್ನು ಇನ್ನೊಮ್ಮೆ ನೋಡಿದರು. ಪಕ್ಕದಲ್ಲಿ ಇಲ್ಲೇ ಹುಟ್ಟಿ ಬೆಳೆದ ಕಾನ್‌ಸ್ಟೆಬಲ್ ಮಾನ್ಯ.

"ನಿಲ್ಲಿಸು. ಗಿಡದ ಹತ್ರ ಬಂದು ಏನ್ ಮಾಡ್ತಿರೋದು?"

"ಟೇಕಿಂಗ್ ಹಿಸ್ ಸ್ಲಿಪರ್ಸ್ ಆಫ್, ಸಾರ್ಜ್. ವಿಯರ್ಡ್."

"ಗಿಡಕ್ಕೊಂದು ಹೂ ಬಿಟ್ಟಿದಾರೆ ನೋಡು. ಯಾಕೆ?"

"ಟು ಬಿ ನೈಸ್?"

ಗುರುದತ್ ಪರದೆಯ ಹತ್ತಿರಕ್ಕೆ ಬಗ್ಗಿದರು. ಮೈಸೂರಿನಲ್ಲಿ ಅವರ ಅಜ್ಜಿ ಚಪ್ಪಲಿ ಕಳಚದೆ ಪೂಜೆಯ ಹೂ ಮುಟ್ಟಿದವರಲ್ಲ, ಯಾರ ಗಿಡವನ್ನೂ ಬೋಳು ಮಾಡಿದವರಲ್ಲ. ಹಾಗೆಂದು ಯಾರ ಗಿಡವನ್ನೂ ಬಿಟ್ಟವರೂ ಅಲ್ಲ. ಎಂಟು ತಿಂಗಳ ಹಿಂದೆ ತಾವು ಬೆನ್ನು ಓದಿ ಕಾಲು ನೋಡದೆ ಹೋದದ್ದಕ್ಕೆ ಸಾರ್ಜೆಂಟರಿಗೆ ನಾಚಿಕೆಯಾಯಿತು.

ಆ ರಸ್ತೆಯಲ್ಲಿ ದಿನಾ ಪೂಜೆ ನಡೆಯುವ ಮನೆ ಒಂದೇ, ಕಾಸಿಂನ ಆಚೆ ಮಗ್ಗುಲಿನದು. 11.15ಕ್ಕೆ, ಮಗಳ ಜೊತೆ ಇರುವ ಎಪ್ಪತ್ತೆರಡರ ಅಂಬುಜಮ್ಮ ಬಾಗಿಲು ತೆಗೆದರು.

"ಬ್ರಯನ್ ಅವರ ಹೂ ಕಿತ್ತಿದ್ದು ನೀವಾ ಅಮ್ಮ?"

"ಹೂಂ, ಒಂದೇ ದಿನ. ಅಂಗಡಿ ಹೂವನ್ನ ಪ್ಲಾಸ್ಟಿಕ್ ಸುತ್ತಿ ಫ್ರಿಜ್ಜಲ್ಲಿ ಇಟ್ಟಿರ್ತಾರಪ್ಪ, ಹೆಣದ ಥರ. ದೇವರಿಗೆ ಹೆಂಗಿಡೋದು?"

"ಜಾಕೆಟ್?"

"ಬೆಳಗಿನ ಚಳಿಗೆ ಕಾಸಿಂ ಕೊಟ್ಟಿದ್ದ. ಯಾಕೆ, ಅದೂ ಕಳವಾ?"

ಗುರುದತ್ ಎಲ್ಲವನ್ನೂ ಹೇಳಿದರು: ಕಾಸಿಂ ತಲೆಮೇಲೆ ಹಾಕಿಕೊಂಡದ್ದು, ಕೋರ್ಟು, ಕೈತಪ್ಪಿದ ಬಸ್ಸು. ಅಂಬುಜಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಬೇಲಿಯ ಕಡೆ ತಿರುಗಿ ಕೂಗಿದರು.

"ಲೋ ಕಾಸಿಂ! ಬಾರೋ ಇಲ್ಲಿ, ಪೆದ್ದ!"

ಕಾಸಿಂ ಬಂದು ತಲೆ ತಗ್ಗಿಸಿ ನಿಂತ. "ಆಗ ನಿಮಗಿನ್ನೂ ಇಲ್ಲಿರೋ ರೆಸಿಡೆನ್ಸಿ ಸಿಕ್ಕಿರಲಿಲ್ಲ ಅಮ್ಮಾ, ಕೇಸಾದ್ರೆ ಊರಿಗೆ ವಾಪಸ್ ಕಳಿಸಿಬಿಡ್ತಿದ್ರು. ಸಾರ್, ನನ್ನ ಹೆಂಡ್ತಿ ನಜೀರಾ ಬಾಣಂತನ ಮಾಡಿದ್ದು ಇವರು. ನಲವತ್ತು ದಿನ ಮಗುಗೆ ನೀರು ಹಾಕಿದಾರೆ. ಇವರ ಕಡೆ ಬೊಟ್ಟು ತೋರಿಸಿ ನಾನು ಮನೆಗೆ ಹೆಂಗೆ ಹೋಗ್ಲಿ?"

"ಬಾಯ್ಮುಚ್ಚು. ಹೈಕೋರ್ಟಿಗೆ ಹೋಗಿ ಅರ್ಧ ನಿಜ ಹೇಳ್ತಾನಂತೆ." ಅಂಬುಜಮ್ಮ ಸ್ವೆಟರ್ ಹಾಕಿಕೊಂಡರು. "ನಡಿಯಪ್ಪ ಸ್ಟೇಷನ್ನಿಗೆ. ಬೇಡಿ ಇದ್ರೆ ತೊಡಿಸು, ಬಳೆ ಮೇಲಕ್ಕೆ ಸರಿಸ್ಕೋತೀನಿ."

ಬೇಡಿ ತೊಡಿಸಲಿಲ್ಲ. 12.05ಕ್ಕೆ ಬಂಧನ ದಾಖಲಾಯಿತು. ಕಾರಿನಲ್ಲಿ ಮಾನ್ಯ ಆರೋಪಿಯ ಕೈ ಹಿಡಿದುಕೊಂಡೇ ಕೂತಿದ್ದಳು. ಅದು ನಿಯಮದಲ್ಲಿಲ್ಲ ಎಂಬುದು ಸಾರ್ಜೆಂಟರ ಗಮನಕ್ಕೆ ಬರಲಿಲ್ಲ.

ನವೆಂಬರ್ 21ರಂದು ಹೈಕೋರ್ಟು ಮೇಲ್ಮನವಿಯನ್ನು ಪುರಸ್ಕರಿಸಿ ಕಾಸಿಂನ ಮೇಲಿನ ತೀರ್ಪನ್ನು ರದ್ದುಪಡಿಸಿತು. ಅಂಬುಜಮ್ಮನವರನ್ನು ಎಚ್ಚರಿಕೆ ಕೊಟ್ಟು ಬಿಡಲಾಯಿತು.