ಚಿತ್ರದಲ್ಲಿ ಉಳಿದ ದನಿ

ಬರ್ಕ್ಲಿಯ ಕೆಫೆಗೆ ಬಂದ ವಸುಧಾ ಹನ್ನೆರಡು ಟಿಕೆಟ್ಟುಗಳನ್ನು ಬೀಸಣಿಗೆಯಂತೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದಳು. ಅವುಗಳ ಮೇಲೆ ನಗುವ ಕಣ್ಣುಗಳಷ್ಟೇ ಕಾಣುತ್ತಿದ್ದವು.

"ಶನಿವಾರ ಮ್ಯಾಟಿನೀಗೆ ಫ್ರೀಮಾಂಟಿಂದ ಅರ್ಧ ಕನ್ನಡ ಕೂಟ ಬರ್ತಿದೆ. ನಮ್ಮ ತಿರುಮಲೇಶನ ಹೆಸರು ತೆರೆ ಮೇಲೆ ಬರತ್ತೆ ಅಂತ ಪದ್ಮಜಾ ಚಿಕ್ಕಮ್ಮ ಎಲ್ಲರಿಗೂ ಫೋನ್ ಮಾಡಿದಾರೆ."

"ಅವರಿಗೆ ಬೋರಾಗತ್ತೆ. ನಾನು ಕೆಲಸ ಮಾಡಿರೋ ಆ ಸಿನಿಮಾದಲ್ಲಿ ಕಥೆನೇ ಇಲ್ಲ," ಎಂದೆ.

"ಚಕ್ಕುಲಿ ತರ್ತಾರೆ ಬಿಡಿ. ಯಾಕ್ರೀ ಮುಖ ಹಿಂಗಾಯ್ತು? ನಮ್ಮನ್ನ ಕರ್ಕೊಂಡು ಹೋಗಕ್ಕೆ ನಾಚಿಕೆನಾ?"

ನಾಚಿಕೆ ನನ್ನ ಬಗ್ಗೆಯೇ ಆಗಿತ್ತು.

ಅದು ೧೯೮೬ನೇ ಇಸವಿ. ನಾನು ವಾಲ್ಟರ್ ಎಂಬ ಡೈರೆಕ್ಟರನ ಬಳಿ ಧ್ವನಿಮುದ್ರಣ ಮಾಡುತ್ತಿದ್ದೆ. ಸ್ಟುಡಿಯೋಗಳ ಗೊಡವೆಗೆ ಹೋಗದೆ ಗೆಳೆಯರನ್ನೇ ನಟರನ್ನಾಗಿಸಿ ಚಿತ್ರ ಮಾಡುವವನು ಅವನು. ಅವನ ಚಿತ್ರಗಳಲ್ಲಿ ಜನ ಕಿಟಕಿಯ ಪಕ್ಕ ಕೂತಿರುತ್ತಾರೆ, ಕಾಫಿ ಆರುತ್ತದೆ, ಯಾರೂ ಮಾತಾಡುವುದಿಲ್ಲ. ಶೂಟಿಂಗ್ ಮುಗಿದ ಮೇಲೆ ಪ್ರತಿ ಕೋಣೆಯ ಮೌನವನ್ನೂ ಒಂದು ನಿಮಿಷ ಟೇಪಿನಲ್ಲಿ ಹಿಡಿಯಬೇಕೆಂಬುದು ಅವನ ಕಟ್ಟುನಿಟ್ಟು.

ಮಾರ್ಚ್‌ನಲ್ಲಿ ಒಂದು ಖಾಲಿ ಅಡುಗೆಮನೆಯಲ್ಲಿ ನಾನು ಹಾಗೆ ಮೌನ ಹಿಡಿಯುತ್ತಿದ್ದೆ. ಶೂಟಿಂಗ್ ನೋಡಲು ಬಂದಿದ್ದ ವಸುಧಾ ಪಕ್ಕದಲ್ಲಿದ್ದಳು. ನಿಮಿಷ ಮುಗಿಯಿತು. ಟೇಪು ನಿಲ್ಲಿಸಲು ಮರೆತೆ. ಅವಳು ಮೆಲ್ಲಗೆ ಹೇಳಿದಳು:

"ನಾಲ್ಕು ವರ್ಷ ಅಮ್ಮನ್ನ ನೋಡ್ಕೊಂಡೆ. ಅಮ್ಮ ಹೋದ ದಿನ ನಂಗೆ ಮೊದಲು ಅನ್ಸಿದ್ದು, ಇನ್ಮೇಲೆ ನಿದ್ದೆ ಮಾಡಬಹುದು ಅಂತ."

ಟೇಪು ಕೇಳಿದ ವಾಲ್ಟರನಿಗೆ ಆ ದನಿ ಬಹಳ ಹಿಡಿಸಿತು. ಚಿತ್ರದಲ್ಲಿ ಬಳಸಲು ಅವಳು ಒಪ್ಪಿದ್ದಾಳೆಯೇ ಎಂದು ಕೇಳಿದ. ಅವಳನ್ನು ಕೇಳದೆಯೇ ಹೌದು ಎಂದುಬಿಟ್ಟೆ. ಚಿತ್ರ ತೋರಿಸುವ ನೂರು ಸೀಟಿನ ಥಿಯೇಟರಿನಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ.

ಪದ್ಮಜಾ ವಸುಧಾಳ ಅಮ್ಮನ ಒಡಹುಟ್ಟಿದ ತಂಗಿ.

ಕೆಫೆಯಲ್ಲೇ ವಸುಧಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಟಿಕೆಟ್ಟುಗಳನ್ನು ಒಂದೊಂದಾಗಿ ಜೋಡಿಸಿ ಪರ್ಸಿನೊಳಗಿಟ್ಟಳು.

"ಸಿನಿಮಾಕ್ಕೆ ಹಾಕಿದ್ದನ್ನ ಕೇಳಿಸಿ."

ಎಡಿಟಿಂಗ್ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಅಳಲಿಲ್ಲ.

"ಆಮೇಲೆ ನೀವೂ ಒಂದು ಮಾತು ಹೇಳಿದ್ರಲ್ಲ. ಅದೆಲ್ಲಿ?"

"ತೆಗೆದೆ."

"ನನ್ನದು ಇಟ್ಟು ನಿಮ್ಮದು ತೆಗೆದ್ರಾ?"

ನಾನು ಟೇಪು ನಿಲ್ಲಿಸಿದೆ.

"ಪ್ರೀತಿ ಅಂತ ನೀವು ಬಾಯಿ ಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ. ಆದ್ರೆ ಇದೆ ಅಂದ್ಕೊಂಡಿದ್ದೆ," ಎಂದಳು.

"ಸಿನಿಮಾ ಪ್ರಿಂಟ್ ಆಗೋಗಿದೆ, ಇನ್ನು ತೆಗೆಯಕ್ಕಾಗಲ್ಲ. ಶೋನೇ ನಿಲ್ಲಿಸು ಅಂತ ವಾಲ್ಟರ್‌ಗೆ ಹೇಳ್ತೀನಿ."

"ಬೇಡ. ಚಿಕ್ಕಮ್ಮನಿಗೆ ಇವತ್ತೇ ನಾನೇ ಹೇಳ್ತೀನಿ. ನಿಮ್ಮ ಸಿನಿಮಾ ಹೇಳೋದು ಬೇಡ."

ಶನಿವಾರ ಪದ್ಮಜಾ ಅವರ ಕಣ್ಣು ಊದಿಕೊಂಡಿತ್ತು. ಆದರೂ ವಸುಧಾಳ ಕೈ ಹಿಡಿದೇ ಬಂದರು. ನನ್ನತ್ತ ಇಬ್ಬರೂ ನೋಡಲಿಲ್ಲ. ನಾನು ಅವರ ಮುಂದಿನ ಸಾಲಿನಲ್ಲಿ ಕುಳಿತೆ.

ತೆರೆಯ ಮೇಲೆ ಖಾಲಿ ಅಡುಗೆಮನೆ ಬಂತು. ವಸುಧಾಳ ದನಿ ಬಂತು. ಕನ್ನಡದವರ ಸಾಲು ಉಸಿರು ಬಿಗಿಹಿಡಿಯಿತು. ಬಳಿಕ ವಾಲ್ಟರನ ಉದ್ದನೆಯ ಮೌನ. ನನ್ನ ಮಾತು ಇರಬೇಕಿದ್ದ ಜಾಗ ಅದು.

ಎದ್ದು ನಿಂತೆ.

"ಅಪ್ಪ ಹೋದ ದಿನ, ಟೆಲಿಗ್ರಾಂ ಜೇಬಲ್ಲಿಟ್ಕೊಂಡು ನಾನು ಸಿನಿಮಾಕ್ಕೆ ಹೋಗಿದ್ದೆ," ಎಂದೆ, ಕನ್ನಡದಲ್ಲಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಯಾರೋ ಶ್ ಎಂದರು. ತಲೆಗಳು ತಿರುಗಿದವು.

ಹಿಂದಿನಿಂದ ಒಂದು ಕೈ ನನ್ನ ಅಂಗಿಯನ್ನು ಹಿಡಿದು ಎಳೆಯಿತು.

"ಕೂತ್ಕೊಳ್ಳಿ," ಎಂದಳು ವಸುಧಾ. "ಇನ್ನೂ ಕ್ಷಮಿಸಿಲ್ಲ. ಚಿಕ್ಕಮ್ಮನಿಗೆ ತೆರೆ ಕಾಣಿಸ್ತಿಲ್ಲ, ಅಷ್ಟೆ."

ಕುಳಿತೆ. ಚಿತ್ರ ಮುಗಿಯಲು ಇನ್ನೂ ಒಂದು ಗಂಟೆಯಿತ್ತು. ಆ ಕೈ ಅಂಗಿಯನ್ನು ಬಿಡಲಿಲ್ಲ.