ಏಳನೇ ಸಾಲಿನ ಸಿ

"ಒಂದು ನಿಮಿಷ," ಎಂದಳು ಅವಳು.

ಅವನು ಸೀಮೆಸುಣ್ಣ ಹಿಡಿದೇ ಬೋರ್ಡಿನಿಂದ ತಿರುಗಿ ನಕ್ಕ. "ಟೀ ಬಂತಾ ಮೇಡಂ?"

"ಟೀ ಬಂದಿಲ್ಲ. ನಿಮ್ಮ ಮೂರನೇ ಸಾಲು ಎಲ್ಲಿಂದ ಬಂತು ಅಂತ ಕೇಳ್ತಿದ್ದೀನಿ."

ಸೆಮಿನಾರ್ ಹಾಲ್ ಗೊಳ್ಳೆಂದಿತು. ಪಾಪ, ಅವನದೇನು ತಪ್ಪು? ಒಂದು ವರ್ಷದ ಮಟ್ಟಿಗೆ ಗಣಿತ ವಿಭಾಗಕ್ಕೆ ಬಂದ ವಿಸಿಟರ್, ಬಂದು ವಾರವೂ ಆಗಿರಲಿಲ್ಲ. ಬಾಗಿಲ ಪಕ್ಕ ಬಿಸ್ಕತ್ತಿನ ತಟ್ಟೆ ಇಟ್ಟುಕೊಂಡು ಕೂತಿದ್ದವಳನ್ನು ಟೀ ವ್ಯವಸ್ಥೆಗೆ ಬಂದವಳು ಎಂದುಕೊಂಡಿದ್ದ. ಅವಳು ಅದೇ ವಿಭಾಗದ ಅಧ್ಯಾಪಕಿ, ವಿದ್ಯಾರ್ಥಿಗಳು ಬೆನ್ನ ಹಿಂದೆ 'ಬ್ರೇಕ್ ಮೇಡಂ' ಎನ್ನುವ ಹೆಣ್ಣು ಎಂದು ಅವನಿಗೆ ಹೇಳಿದವರಾರು? ಭಾಷಣ ಯಾರದೇ ಇರಲಿ, ಲೆಕ್ಕ ಜಾರಿದ ಕಡೆ ಅವಳ 'ಒಂದು ನಿಮಿಷ' ಬಿದ್ದೇ ಬೀಳುತ್ತಿತ್ತು. ಅದಕ್ಕೆ ಹೆದರಿ ತಲೆನೋವು ಬರಿಸಿಕೊಂಡ ಪ್ರೊಫೆಸರುಗಳೂ ಇದ್ದರು.

ಅವನು ಮೂರನೇ ಸಾಲನ್ನು ನೋಡಿದ. ತಲೆ ಕೆರೆದುಕೊಂಡ. ಆಮೇಲೆ ಡಸ್ಟರ್ ಎತ್ತಿಕೊಂಡು ಅದನ್ನು ಅಳಿಸಿ, "ಥ್ಯಾಂಕ್ಸ್ ಮೇಡಂ. ಇದು ಎಲ್ಲಿಂದಲೂ ಬಂದಿಲ್ಲ," ಎಂದ.

ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅಲ್ಲೇ ಮನಸ್ಸು ಕೊಟ್ಟಳು ಎನ್ನಿ.

ಅಂದಿನಿಂದ ಅವನು ಏನು ಬರೆದರೂ ಮೊದಲು ಅವಳ ರೂಮಿಗೆ ತರತೊಡಗಿದ. "ಬ್ರೇಕ್ ಹಾಕಿ" ಎಂದು ಹಾಳೆಗಳನ್ನು ಮುಂದಿಟ್ಟು, ಎದುರು ಕುರ್ಚಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತುಬಿಡುವನು. ಅವಳು ಓದುತ್ತಿದ್ದರೆ ಅವನ ಕಣ್ಣು ಅವಳ ಹುಬ್ಬಿನ ಮೇಲೆ. ಹುಬ್ಬು ಒಂದಿಷ್ಟು ಗಂಟಿಕ್ಕಿದರೂ ಸಾಕು, "ಎಷ್ಟನೇ ಸಾಲು?" ಎನ್ನುವನು.

"ಹಾಳೆ ನೋಡಿ, ನನ್ನನ್ನಲ್ಲ."

"ಹಾಳೇಲಿ ಏನಿದೆ ಅಂತ ನನಗೆ ಗೊತ್ತು. ನಿಮ್ಮ ಮುಖದಲ್ಲಿ ಏನಿದೆ ಅನ್ನೋದೇ ಗೊತ್ತಾಗಲ್ಲ."

ಅವಳು ಕಿವಿಯವರೆಗೂ ಕೆಂಪಾಗಿ, ಯಾವ ತಪ್ಪೂ ಮಾಡದ ಒಂದು ಅಲ್ಪವಿರಾಮಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದಳು.

ಹೀಗೇ ವರ್ಷ ಮುಗಿಯುತ್ತ ಬಂತು. ಅಷ್ಟರಲ್ಲಿ ವಿಭಾಗದಲ್ಲಿ ಒಂದು ಖಾಯಂ ಹುದ್ದೆ ಖಾಲಿಯಾಯಿತು. ಅರ್ಜಿ ಹಾಕಿದವರು ಆಯ್ಕೆ ಸಮಿತಿಯ ಎದುರು ಒಂದು ಭಾಷಣ ಕೊಡಬೇಕು. ಹುದ್ದೆ ಸಿಕ್ಕರೆ ಅವನು ಇಲ್ಲೇ ಉಳಿಯುತ್ತಾನೆ. ಸಿಗದಿದ್ದರೆ ಸಮುದ್ರದಾಚೆಯ ಊರೊಂದರಲ್ಲಿ ಎರಡು ವರ್ಷದ ಕೆಲಸ ಕಾದಿತ್ತು, ಅಲ್ಲಿಂದ ಮುಂದೆ ಇನ್ನೆಲ್ಲಿಗೋ. ಅವನ ಕೈಯಲ್ಲಿ ದೊಡ್ಡ ಪ್ರಮೇಯವೊಂದಿತ್ತು, ಕೊನೆಯ ಮೆಟ್ಟಿಲೊಂದು ಬಾಕಿ. ಭಾಷಣದ ಹಿಂದಿನ ದಿನ ಅವನು ಅವಳ ಬಾಗಿಲಲ್ಲೇ ನಿಂತು, "ಸಿಕ್ಕಿಬಿಡ್ತು!" ಎಂದ.

"ಎಲ್ಲಿ, ತೋರಿಸಿ."

"ಊಹೂಂ. ನಾಳೆ ಬೋರ್ಡ್ ಮೇಲೇ ನೋಡಿ. ಇದೊಂದು ಸಲ ನಿಮಗೆ ಸರ್‌ಪ್ರೈಸ್. ಅದು ಮುಗಿದ ಮೇಲೆ ನಿಮ್ಮ ಹತ್ರ ಬೇರೆ ಒಂದು ಮಾತಿದೆ."

ಆ ಬೇರೆ ಮಾತು ಯಾವುದೆಂದು ಊಹಿಸಲು ಗಣಿತ ಓದಿರಬೇಕಾಗಿಲ್ಲ. ಮನೆಯಲ್ಲಿ ಅಕ್ಕ ಅವಳ ಮುಖ ನೋಡಿಯೇ ಅರ್ಥಮಾಡಿಕೊಂಡಳು. "ಅಂತೂ ನಿನ್ನ ಬಾಯಿಗೆ ಹೆದರದ ಒಬ್ಬ ಸಿಕ್ಕಿದ. ನಾಳೆ ಒಂದಿನ ಬಾಯಿ ಮುಚ್ಕೊಂಡು ಕೂತ್ಕೋ ತಾಯೀ, ನಿನಗೆ ಪುಣ್ಯ ಬರುತ್ತೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಹಾಲ್ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಸಮಿತಿಯವರು, ಮಧ್ಯೆ ವಿಭಾಗದ ಮುಖ್ಯಸ್ಥರು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ, ತೋಳಿಗೆ ಆಗಲೇ ಸುಣ್ಣ ಮೆತ್ತಿತ್ತು. ಎಷ್ಟು ಚೆನ್ನಾಗಿ ಮಾತಾಡಿದ! ಅವಳು ಹೆಮ್ಮೆಯಿಂದ ಅಕ್ಕಪಕ್ಕದವರ ಮುಖ ನೋಡಿದಳು.

ಈ ಗಣಿತದವರಿಗೆ ಒಂದು ಸೋಮಾರಿ ಅಭ್ಯಾಸವಿದೆ. ಲೆಕ್ಕ ಎಷ್ಟು ದೂರ ಹೋದರೂ ಬದಲಾಗದೆ ನಿಲ್ಲುವ ಸಂಖ್ಯೆಗೆ ಅವರು 'ಸಿ' ಎಂದು ಬರೆಯುತ್ತಾರೆ. ಒಂದು ಸಾಲಿನಲ್ಲಿ ಆ ಸಂಖ್ಯೆ ಎರಡಿದ್ದು ಮುಂದಿನ ಸಾಲಿನಲ್ಲಿ ಅದರ ಜಾಗಕ್ಕೆ ಇಪ್ಪತ್ತು ಎಂಬ ಇನ್ನೊಂದು ನಿಂತ ಸಂಖ್ಯೆ ಬಂದರೂ ಹೊಸ ಅಕ್ಷರ ಹುಡುಕುವುದಿಲ್ಲ, ಮತ್ತೆ 'ಸಿ' ಎಂದೇ ಬರೆದು ಮುಂದೆ ಹೋಗುತ್ತಾರೆ. ಅವನೂ ಹಾಗೆಯೇ ಬರೆದ. ಏಳನೇ ಸಾಲಿಗೆ ಬಂದಾಗ ಅವಳ ಹುಬ್ಬು ಗಂಟಿಕ್ಕಿತು. ಆ ಸಾಲಿನ ಸಿ ನಿಂತ ಸಂಖ್ಯೆಯಾಗಿರಲಿಲ್ಲ. ಲೆಕ್ಕದ ಜೊತೆಗೇ ಒಳಗೊಳಗೆ ಅದೂ ಬೆಳೆಯುತ್ತಿತ್ತು. ಅದು ಬೆಳೆದರೆ ಪ್ರಮೇಯ ನಿಲ್ಲುವುದಿಲ್ಲ.

ಹಾಲಿನಲ್ಲಿ ಬೇರೆ ಯಾರಿಗೂ ಕಂಡಿರಲಿಲ್ಲ. ಅವಳ ಕೈ ಅರ್ಧಕ್ಕೆ ಎದ್ದು, ಕೂದಲು ಸರಿಮಾಡಿಕೊಂಡು ಕೆಳಗಿಳಿಯಿತು.

ಭಾಷಣ ಮುಗಿಯಿತು. ಎಂದಿನಂತೆ ಎಲ್ಲರ ತಲೆಯೂ ಅವಳತ್ತ ತಿರುಗಿತು. ಅವಳು ಸುಮ್ಮನಿದ್ದರೆ ಲೆಕ್ಕ ಸರಿ ಎಂಬುದು ಆ ವಿಭಾಗದಲ್ಲಿ ನಡೆದುಬಂದ ನಂಬಿಕೆ. ಮುಖ್ಯಸ್ಥರು ನಗುತ್ತ ಕೇಳಿದರು, "ಏನಮ್ಮಾ, ಇವತ್ತು ಬ್ರೇಕ್ ಇಲ್ವಾ?"

ಅವನೂ ಅವಳನ್ನೇ ನೋಡುತ್ತಿದ್ದ. ಅವಳ ಹುಬ್ಬನ್ನೇ. ಒಂದು ಮಾತು ಹೇಳಿದರೆ ಅವನು ಸಮುದ್ರದಾಚೆ. ಹೇಳದಿದ್ದರೆ ಇಲ್ಲೇ, ಅವಳ ಎದುರಿಗೆ, ಬಹುಶಃ ಬದುಕಿಡೀ. ನಾಳೆ ಇಬ್ಬರೂ ಕೂತು ಸರಿಮಾಡೋಣ, ಮೊದಲು ಇವನು ಉಳಿಯಲಿ ಎಂದಿತು ಮನಸ್ಸು.

"ಏನೂ ಇಲ್ಲ ಸರ್," ಎಂದಳು. ಮುಖದ ತುಂಬ ನಕ್ಕಳು. "ತುಂಬಾ ಚೆನ್ನಾಗಿತ್ತು."

ಚಪ್ಪಾಳೆ ಬಿತ್ತು.

ಪಕ್ಕದ ಕೋಣೆಯಲ್ಲಿ ಟೀ. ಮುಖ್ಯಸ್ಥರು ಅವನ ಬೆನ್ನು ತಟ್ಟಿ, "ಆ ಮೇಡಂ ಸುಮ್ಮನಿದ್ದಾರೆ ಅಂದ್ಮೇಲೆ ಕಮಿಟಿಗೆ ಇನ್ನೇನ್ರೀ ಬೇಕು? ಆರ್ಡರ್ ಕೈಗೆ ಬರೋದಷ್ಟೇ ಬಾಕಿ," ಎಂದರು. ಅವನು ಎರಡು ಕಪ್ ಹಿಡಿದು ಕಿಟಕಿಯ ಬಳಿ ನಿಂತಿದ್ದ ಅವಳ ಹತ್ತಿರ ಬಂದ. ಅವಸರಕ್ಕೆ ಟೀ ಸಾಸರಿಗೆ ಚೆಲ್ಲಿತ್ತು.

"ಆ ಬೇರೆ ಮಾತು," ಎಂದ. "ಈಗ ಕೇಳಲಾ? ನನ್ನನ್ನ ಮದುವೆ..."

"ಬೇಡ, ಈಗ ಕೇಳಬೇಡಿ." ಆ ಪ್ರಶ್ನೆಗೆ 'ಹೂಂ' ಎನ್ನಲು ಅವಳು ವರ್ಷವಿಡೀ ಕಾದಿದ್ದಳು. ಆದರೆ ಒಂದು ಸುಳ್ಳಿನ ಮೇಲೆ ಅದನ್ನು ಇಡುವುದು ಅವಳ ಕೈಲಾಗಲಿಲ್ಲ. "ಮೊದಲು ಏಳನೇ ಸಾಲಿನ ಸಿ ನೋಡಿ ಬನ್ನಿ."

ಅವನು ಕಪ್‌ಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಾಲಿಗೆ ನಡೆದ. ಅವಳೂ ಹಿಂದೆಯೇ ಹೋದಳು. ಬೋರ್ಡ್ ಇನ್ನೂ ಅಳಿಸಿರಲಿಲ್ಲ. ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಹೌದು," ಎಂದ ಮೆಲ್ಲಗೆ. "ಇದು ಬೆಳೆಯುತ್ತೆ. ನಿಮಗೆ ಈಗ ಹೊಳೀತಾ?"

"ಇಲ್ಲ. ನೀವು ಬರೆಯುವಾಗಲೇ."

"ನಾನು ನಿಮ್ಮ ಕಡೆ ನೋಡಿದಾಗ?"

"ಆಗಲೂ ಗೊತ್ತಿತ್ತು."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಶರ್ಟಿನ ತೋಳಿನ ಸುಣ್ಣ ಕೊಡವಿಕೊಂಡು ಟೀ ಕೋಣೆಗೆ ವಾಪಸು ಹೋದ. ಎಲ್ಲರೆದುರು, "ಸರ್, ನನ್ನ ಪ್ರೂಫ್ ತಪ್ಪಿದೆ," ಎಂದ. ಅವಳ ಹೆಸರೆತ್ತಲಿಲ್ಲ. ಹುದ್ದೆ ಇನ್ನೊಬ್ಬರಿಗೆ ಹೋಯಿತು.

ಹೊರಡುವ ದಿನ ಮಧ್ಯಾಹ್ನ ಹೇಳಿಹೋಗಲು ಅವಳ ರೂಮಿಗೆ ಬಂದ. ಕೂತುಕೊಳ್ಳಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತ.

"ನಾನು ನಿಮ್ಮನ್ನ ಪ್ರೀತಿಸ್ತೀನಿ," ಎಂದಳು ಅವಳು. ಇನ್ನು ಮುಚ್ಚಿಡಲು ಏನಿತ್ತು? "ನೀವು ಹೋಗಬಾರದು ಅನ್ನೋ ಆಸೆಗೆ ಸುಮ್ಮನಿದ್ದೆ. ಬೇರೆ ಏನೂ ಇಲ್ಲ."

"ಗೊತ್ತು. ನನಗೂ ನಿಮ್ಮನ್ನ ಬಿಟ್ಟು ಬೇರೆ ಯಾರೂ ಇಲ್ಲ." ಅವನ ಕಣ್ಣು ತುಂಬಿತ್ತು. "ಆದರೆ ನೀವು ಚೆನ್ನಾಗಿತ್ತು ಅಂದಾಗ ನನಗೆಷ್ಟು ಖುಷಿಯಾಗಿತ್ತು ಗೊತ್ತಾ? ಕೆಲಸ ಸಿಕ್ಕಿದ್ದರೂ ಅಷ್ಟು ಆಗ್ತಿರಲಿಲ್ಲ. ಇನ್ನು ಮುಂದೆ ನೀವು ನಕ್ಕಾಗೆಲ್ಲ, ಏನೋ ತಪ್ಪಾಗಿದೆ, ಇವರು ಹೇಳ್ತಿಲ್ಲ ಅನ್ಸುತ್ತೆ. ಹಾಗೆ ಅನುಮಾನ ಪಟ್ಕೊಂಡು ನಿಮ್ಮ ಜೊತೆ ಬಾಳೋಕೆ ನನ್ನಿಂದಾಗಲ್ಲ."

"ಸರಿಹೋಗಲ್ವಾ?"

"ಪ್ರೂಫ್ ಮಾತ್ರ ಸರಿಹೋಗಬಹುದು," ಎಂದ. ಕುರ್ಚಿಯಿಂದ ಕೈ ತೆಗೆದು ಬಾಗಿಲ ಕಡೆ ತಿರುಗಿದ.

ಗೇಟಿನವರೆಗೂ ಇಬ್ಬರೂ ಜೊತೆಯಾಗಿ ನಡೆದರು. ಮೆಟ್ಟಿಲ ಮೇಲೆ ಹುಡುಗಿಯರ ಗುಂಪೊಂದು ಪರೀಕ್ಷೆಯ ಬಗ್ಗೆ ಜಗಳವಾಡುತ್ತಿತ್ತು. ಗೇಟಿನಲ್ಲಿ ಕಾದಿದ್ದ ಟ್ಯಾಕ್ಸಿಯ ಡ್ರೈವರ್ ಸೂಟ್‌ಕೇಸನ್ನು ಡಿಕ್ಕಿಗೆ ತುಂಬಿದ.

"ತಲುಪಿದ ಮೇಲೆ ಒಂದು ಫೋನ್ ಮಾಡಿ," ಎಂದಳು.

"ಮಾಡ್ತೀನಿ."

ಮಾಡುತ್ತಾನೆ, ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಅವನ ಮಾತನ್ನು ಅವಳು ಎರಡನೇ ಸಲ ಯೋಚಿಸದೆ ನಂಬಬಲ್ಲಳು. ಅವನು ಕಿಟಕಿಯ ಗಾಜು ಇಳಿಸಿ, "ನೀವು ಹುಷಾರಾಗಿರ್ತೀರಲ್ಲ?" ಎಂದು ಕೇಳಿದ.

"ಇರ್ತೀನಿ," ಎಂದು ನಕ್ಕಳು ಅವಳು.

ಅವನು ಆ ನಗುವನ್ನು ಬಹಳ ಹೊತ್ತು ನೋಡಿ, ಗಾಜು ಏರಿಸಿದ.